ಬಿದ್ದವನ ಸುತ್ತ ನಿಂತವರು

ಮೆಹಕರದಿಂದ ಭಾಲ್ಕಿಯ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಹಂಗಾಮಿನ ಒಂದು ಸಂಜೆ ನಡೆದ ಸಂಗತಿಯಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದಿನಿಂದ ಬಂದ ಮೋಟಾರ್ ಸೈಕಲ್ಲು ಬಡಿಯಿತು. ಸವಾರನು ರಸ್ತೆಯ ಬದಿಗೆ ಬಿದ್ದನು. ತೊಡೆಯಿಂದ ರಕ್ತ ಹರಿಯುತ್ತಿತ್ತು. ಐದು ನಿಮಿಷದೊಳಗೆ ಇಪ್ಪತ್ತು ಮಂದಿ ಸೇರಿದೆವು. ‘ಸೇರಿದರು’ ಎನ್ನದೆ ‘ಸೇರಿದೆವು’ ಎಂದೇ ಬರೆಯತಕ್ಕದ್ದು, ಏಕೆಂದರೆ ಅವರಲ್ಲಿ ನಾನೂ ಒಬ್ಬನು. ನಾನು ಒಂದು ಹೆಜ್ಜೆ ಮುಂದಿಟ್ಟಾಗ ನಮ್ಮೂರ ಹಿರಿಯರೊಬ್ಬರು ತೋಳು ಹಿಡಿದು, “ಬ್ಯಾಡ ತಮ್ಮಾ, ಮುಟ್ಟಬ್ಯಾಡ. ನಾಳೆ ಪಂಚನಾಮೆ, ಕೋರ್ಟು ಅಂತ ನಿನಗೇ ತಿರುಗಸ್ತಾರ” ಎಂದರು. ನಾನು ನಿಂತೆನು. ಆಂಬುಲೆನ್ಸ್ ಬರುವವರೆಗೆ ಎಲ್ಲರೂ ನಿಂತೇ ಇದ್ದೆವು. ಆ ತರುಣನು ಬದುಕಿಕೊಂಡನು. ಆದರೆ ಅದರಲ್ಲಿ ನಮ್ಮ ಪಾಲೇನೂ ಇಲ್ಲ.

ನಮ್ಮ ಜನರು ನಿರ್ದಯರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದೇ ಹಿರಿಯರು ಗುರುತಿಲ್ಲದ ದಾರಿಹೋಕನನ್ನು ಮನೆಗೆ ಕರೆದು ರೊಟ್ಟಿ ಬಡಿಸಿದುದನ್ನು ನಾನು ಕಂಡಿದ್ದೇನೆ. ಅವರನ್ನು ತಡೆದದ್ದು ಮನಸ್ಸಿನ ಕಾಠಿಣ್ಯವಲ್ಲ, ಮುಂದೆ ಏನಾಗುವುದೋ ಎಂಬ ಭಯ. 2013ರಲ್ಲಿ ಸೇವ್‌ಲೈಫ್ ಪ್ರತಿಷ್ಠಾನವು ದೇಶದ ಏಳು ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 74 ಮಂದಿ ತಾವು ಗಾಯಾಳುವಿಗೆ ನೆರವಾಗುವ ಸಂಭವ ಕಡಿಮೆಯೆಂದರು. ಅವರಲ್ಲಿ ಶೇಕಡಾ 88 ಮಂದಿ ಕೊಟ್ಟ ಕಾರಣ ಪೊಲೀಸರ ವಿಚಾರಣೆ ಮತ್ತು ಕೋರ್ಟಿನ ಅಲೆದಾಟ. ನಗರದವನಿಗೂ ಮೆಹಕರದವನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಪೊಲೀಸ್ ಕಾಗದ ಬಾರದೆ ಗಾಯಾಳುವನ್ನು ಮುಟ್ಟಲು ಆಸ್ಪತ್ರೆಗಳೇ ಹಿಂಜರಿಯುತ್ತಿದ್ದವು. 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮೊದಲು ಪ್ರಾಣ, ಕಾನೂನಿನ ಕ್ರಮ ಆಮೇಲೆ ಎಂದು ವಿಧಿಸಿತು. ಅದು ವೈದ್ಯರ ಕರ್ತವ್ಯದ ಮಾತಾಯಿತು. ಗಾಯಾಳುವನ್ನು ಕರೆತಂದವನ ರಕ್ಷಣೆಯ ಮಾತು ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. 2015ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಎಲ್ಲ ರಾಜ್ಯಗಳಿಗೂ ಬದ್ಧಗೊಳಿಸಿತು. ಅದೇ ವರ್ಷ ಕರ್ನಾಟಕದ ಶಾಸನಸಭೆ ತನ್ನದೇ ಅಧಿನಿಯಮವನ್ನು ಅಂಗೀಕರಿಸಿತು; ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಇವುಗಳ ತಾತ್ಪರ್ಯವಿಷ್ಟೆ: ಸದ್ಭಾವದಿಂದ ನೆರವಾದವನ ಕೈಯಲ್ಲಿ ಗಾಯಾಳು ಸತ್ತರೂ ಅವನ ಮೇಲೆ ದಾವೆಯಿಲ್ಲ. ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ. ತಾನಾಗಿ ಸಾಕ್ಷಿ ಹೇಳಲು ಒಪ್ಪಿದರೆ ಅವನಿಗೆ ಅನುಕೂಲವಾದ ಸ್ಥಳದಲ್ಲಿ ವಿಚಾರಿಸಬೇಕು. ಆಸ್ಪತ್ರೆಯವರು ಅವನಿಂದ ಹಣ ಕೇಳುವಂತಿಲ್ಲ.

ಹಣದ ಭಯವೂ ಸಣ್ಣದಲ್ಲ. ಕೂಲಿಯವನು ಅನ್ಯರ ಚಿಕಿತ್ಸೆಯ ಬಿಲ್ಲನ್ನು ಎಲ್ಲಿಂದ ಕಟ್ಟುವನು? ಇದಕ್ಕಾಗಿಯೇ ನಮ್ಮ ಸರಕಾರವು 2016ರಲ್ಲಿ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್’ ಯೋಜನೆಯನ್ನು ಆರಂಭಿಸಿ, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ತಾನೇ ಭರಿಸುವುದಾಗಿ ಘೋಷಿಸಿತು.

ಹೀಗೆ ಕಾನೂನಿನ ಅಡ್ಡಿ ಕಾಗದದ ಮೇಲಾದರೂ ಸರಿಯಿತು. ಆದರೂ 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಸವಾರನಾದ ತರುಣನೊಬ್ಬನಿಗೆ ಬಸ್ಸು ಬಡಿದು ಅವನು ನೆರವಿಗಾಗಿ ಮೊರೆಯಿಡುತ್ತಿದ್ದಾಗ ನೆರೆದವರಲ್ಲಿ ಹಲವರು ಮೊಬೈಲಿನಲ್ಲಿ ಚಿತ್ರ ಹಿಡಿದರು. ಅವನು ಉಳಿಯಲಿಲ್ಲ. ಗುಂಪಿಗೇ ಒಂದು ಜಡತೆಯಿದೆಯೆಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬವರು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕುಳ್ಳಿರಿಸಿ, ಒಬ್ಬನಿಗೆ ಮೂರ್ಛೆರೋಗ ಬಂದಂತಹ ಧ್ವನಿಯನ್ನು ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇಕಡಾ 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿರುವರೆಂದು ತಿಳಿದವರಲ್ಲಿ ಶೇಕಡಾ 31 ಮಾತ್ರ. ಆದಕಾರಣ “ಯಾರಾದರೂ ಫೋನ್ ಮಾಡಿ” ಎಂದು ಕೂಗುವುದು ವ್ಯರ್ಥ. “ಬಿಳಿ ಟೋಪಿಯ ಕಾಕಾ, ನೀವು 108ಕ್ಕೆ ಫೋನ್ ಮಾಡ್ರಿ” ಎಂದು ಒಬ್ಬರನ್ನೇ ಬೆರಳಿಟ್ಟು ಹೇಳಬೇಕು.

ನಮ್ಮಂತಹ ಗಡಿಯವರಿಗೆ ಇಲ್ಲೊಂದು ಮಾತು. 108ರ ಸೇವೆ ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ನಡೆದಿದೆ, ಅಂಕಿ ಒಂದೇ. ಕರೆ ಆ ಕಡೆಗೆ ಹೋಗಲೂಬಹುದಾದುದರಿಂದ ಊರಿನೊಡನೆ ತಾಲೂಕು, ಜಿಲ್ಲೆಗಳನ್ನೂ ಹೇಳತಕ್ಕದ್ದು.

ಇನ್ನು ಕೈಯ ಅಜ್ಞಾನ. ನನ್ನ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಏನು ಮಾಡಬೇಕೆಂದು ತಿಳಿಯದವನಿಗೆ ಪೊಲೀಸರ ಭಯ ಒಂದು ನೆಪವಾಗಿಯೂ ಒದಗುತ್ತದೆ. ನಮ್ಮಲ್ಲಿ ನೆರವೆಂದರೆ ಎತ್ತುವುದು. ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಗಾಯಾಳುವನ್ನು ಜೀಪಿಗೆ ಹಾಕುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಅಷ್ಟರಿಂದಲೇ ಅವನು ಜನ್ಮವಿಡೀ ಕಾಲಿಲ್ಲದವನಾಗಬಹುದು. ಬೆಂಕಿಯ ಅಥವಾ ವಾಹನಗಳ ಅಪಾಯವಿಲ್ಲದಿದ್ದರೆ ಅವನನ್ನು ಕದಲಿಸಬಾರದು. ಬಾಯಿಗೆ ನೀರು ಹಾಕಬಾರದು, ಎಚ್ಚರ ತಪ್ಪಿದವನಿಗೆ ಅದು ಶ್ವಾಸನಾಳಕ್ಕಿಳಿಯುತ್ತದೆ. ಗಾಯಕ್ಕೆ ಅರಿಶಿನ, ಕಾಫಿಪುಡಿ, ಮಣ್ಣು ಯಾವುದೂ ಬೇಡ. ಶುದ್ಧವಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಬೇಕು. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನಿಟ್ಟು ಒತ್ತುತ್ತಲೇ ಇರಬೇಕು. ವಯಸ್ಕನ ಮೈಯಲ್ಲಿರುವುದು ಸುಮಾರು ಐದು ಲೀಟರು ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಅದು ಬರಿದಾಗಲು ಕೆಲವೇ ನಿಮಿಷಗಳು ಸಾಕು. ಆ ಸಂಜೆ ನನ್ನ ಹೆಗಲ ಮೇಲೆ ಒಗೆದ ಟವೆಲ್ಲಿತ್ತು.

ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ 134ಎ ಕಲಮನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ ಆ ಹಿರಿಯರಿಗೆ ಓದಿ ಹೇಳಿದೆನು. ಅವರು ಪೂರ್ತಿ ಕೇಳಿ, “ಬರದದ್ದು ಖರೇ ಅದ ತಮ್ಮಾ, ಆದ್ರ ಇದು ಠಾಣೇದವ್ರಿಗಿ ಗೊತ್ತದೇನು?” ಎಂದರು. ನಾನು ಸುಮ್ಮನಾದೆನು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೈ ಚಾಚಿ, “ಆ ಕಾಗದ ಇಲ್ಲಿ ಕೊಡು. ಮರಾಠಿದಾಗೂ ಒಂದು ಬರದು ಕೊಡು, ಆ ಕಡಿ ಬೀಗರಿಗಿ ಬೇಕಾಗ್ತದ” ಎಂದರು.