ಬರಹದ ಶಿಸ್ತಿಗೆ ಯಂತ್ರದ ಕಾವಲು

ಒಂದೇ ಗ್ರಂಥವನ್ನು ಹಲವು ಲಿಪಿಕಾರರು ಪ್ರತಿ ಮಾಡಿದರೆ ಬರವಣಿಗೆಯ ರೀತಿ ಪುಟಪುಟಕ್ಕೂ ಬದಲಾಗುವುದಷ್ಟೆ. ಹಲವರು ಕೂಡಿ ರಚಿಸುವ ತಂತ್ರಾಂಶದ ಸ್ಥಿತಿಯೂ ಇದೇ. ಇದು ಕೇವಲ ಅಂದಚೆಂದದ ಮಾತೆಂದು ಭಾವಿಸಲಾಗದು. 2014ರಲ್ಲಿ ಆಪಲ್ ಸಂಸ್ಥೆಯ ತಂತ್ರಾಂಶದಲ್ಲಿ ಬಯಲಾದ ದೋಷವೊಂದನ್ನು ನೋಡೋಣ. ಒಂದು ಷರತ್ತಿನ ಕೆಳಗೆ ಒಂದೇ ಆಜ್ಞೆ ಎರಡು ಸಲ ನಮೂದಾಗಿತ್ತು. ಷರತ್ತು ಅನ್ವಯಿಸುತ್ತಿದ್ದುದು ಮೊದಲನೆಯದಕ್ಕೆ ಮಾತ್ರ. ಆದರೆ ಎರಡನೆಯದೂ ಅಷ್ಟೇ ಒಳಸರಿದು ನಿಂತಿದ್ದುದರಿಂದ, ಅದೂ ಷರತ್ತಿಗೆ ಒಳಪಟ್ಟಂತೆ ಕಣ್ಣಿಗೆ ತೋರುತ್ತಿತ್ತು. ಪರಿಣಾಮವಾಗಿ, ಅಂತರಜಾಲ ಸಂಪರ್ಕದಲ್ಲಿ ಎದುರು ತುದಿಯ ಸಹಿಯನ್ನು ಪರೀಕ್ಷಿಸುವ ಹಂತವೇ ತಪ್ಪಿಹೋಯಿತು. ಸಾಲುಗಳ ಅಂಚನ್ನು ಅರ್ಥಕ್ಕೆ ತಕ್ಕಂತೆ ಜೋಡಿಸುವ ಯಂತ್ರವಿದ್ದಿದ್ದರೆ ಎರಡನೆಯ ಸಾಲು ಎಡಕ್ಕೆ ಸರಿದು ತನ್ನ ಗುಟ್ಟನ್ನು ಬಿಟ್ಟುಕೊಡುತ್ತಿತ್ತು.

ಹೊಸ ಕೆಲಸಕ್ಕೆ ಇಂತಹ ಯಂತ್ರವನ್ನು ಅಳವಡಿಸುವುದು ಸುಲಭ, ಹಳೆಯದಕ್ಕೆ ಕಷ್ಟ. ಏಕೆಂದರೆ ಪ್ರತಿಯೊಂದು ಸಾಲನ್ನೂ ಯಾರು, ಎಂದು, ಏಕೆ ಬರೆದರೆಂಬ ದಾಖಲೆಯನ್ನು 'ಗಿಟ್' ಮುಂತಾದ ವ್ಯವಸ್ಥೆಗಳು ಕಾಪಾಡುತ್ತವೆ. ಯಂತ್ರವು ಸಾವಿರಾರು ಸಾಲುಗಳನ್ನು ಒಮ್ಮೆಲೇ ತಿದ್ದಿದರೆ ಆ ಸಾಲುಗಳ ಮೇಲೆಲ್ಲ ಅದೊಂದು ತಿದ್ದುಪಡಿಯ ಮುದ್ರೆಯೇ ಬೀಳುತ್ತದೆ. ಹಿಂದಿನ ಚರಿತ್ರೆ ಮರೆಯಾಗುತ್ತದೆ.

ಈ ತೊಡಕನ್ನು ಬಿಡಿಸುವ ಬಗೆಗೆ 'ಜಾಂಗೊ' ಉತ್ತಮ ನಿದರ್ಶನ. ಜಾಲತಾಣಗಳನ್ನು ಕಟ್ಟಲು ನೆರವಾಗುವ, ಪೈಥಾನ್ ಭಾಷೆಯ ಈ ತಂತ್ರಾಂಶವು 2005ರಲ್ಲಿ ಪ್ರಕಟವಾಯಿತು. 'ಬ್ಲ್ಯಾಕ್' ಎಂಬ ಸಾಧನದಿಂದ ಅದನ್ನು ಏಕರೂಪಗೊಳಿಸುವ ನಿರ್ಧಾರ 2019ರಲ್ಲಿ ಆದರೂ, ಸಾಧನವು ಸ್ಥಿರರೂಪ ಪಡೆದ ಮೇಲೆಯೇ, 2022ರ ಫೆಬ್ರವರಿಯಲ್ಲಿ, ಕಾರ್ಯ ನೆರವೇರಿತು. ಯಂತ್ರದ ಕೈಯಲ್ಲಿ ವಿಕಾರವಾಗಬಹುದಾಗಿದ್ದ ಭಾಗಗಳನ್ನು ಮೊದಲೇ ಮನುಷ್ಯರು ಸರಿಪಡಿಸಿದರು. ಬಳಿಕ ರೂಪದ ಬದಲಾವಣೆಯನ್ನು ಪ್ರತ್ಯೇಕವಾಗಿ ದಾಖಲಿಸಿದರು. ತಿದ್ದುವ ಮುಂಚಿನ ಮತ್ತು ಅನಂತರದ ವಾಕ್ಯರಚನೆಗಳನ್ನು ಬ್ಲ್ಯಾಕ್ ತಾನೇ ಹೋಲಿಸಿ, ಅರ್ಥ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ. ಆ ದಾಖಲೆಯ ಗುರುತನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ, ಸಾಲಿನ ಮೂಲವನ್ನು ಹುಡುಕುವಾಗ ಗಿಟ್ ಅದನ್ನು ದಾಟಿ ಹಿಂದಕ್ಕೆ ನೋಡುತ್ತದೆ. ಗಿಟ್‌ಗೆ ಈ ಸೌಲಭ್ಯ ದೊರೆತದ್ದು 2019ರಲ್ಲಿ. ಅಲ್ಲಿಂದ ಮುಂದೆ, ಬಂದ ಪ್ರತಿಯೊಂದು ತಿದ್ದುಪಡಿಯನ್ನೂ ಸೇರಿಸಿಕೊಳ್ಳುವ ಮೊದಲು ಯಂತ್ರವೇ ಪರೀಕ್ಷಿಸತೊಡಗಿತು.

ಇದರಿಂದ ನಾವು ಕಲಿಯಬೇಕಾದ ಪಾಠವಿಷ್ಟು: ರೂಪದ ತಿದ್ದುಪಡಿಯನ್ನೂ ಅರ್ಥದ ತಿದ್ದುಪಡಿಯನ್ನೂ ಒಂದೇ ದಾಖಲೆಯಲ್ಲಿ ಬೆರೆಸಬಾರದು. ಬೆರೆಸಿದರೆ, ಸಾವಿರ ನಿರಪಾಯದ ಬದಲಾವಣೆಗಳ ನಡುವೆ ಒಂದು ಅಪಾಯಕರ ಬದಲಾವಣೆ ಅಡಗಿ ಕುಳಿತೀತು. ಅಂಚು, ಅಂತರಗಳ ಕಾವಲನ್ನು ಯಂತ್ರಕ್ಕೆ ಬಿಟ್ಟು, ಅರ್ಥದ ವಿಚಾರಣೆಗೆ ನಮ್ಮ ಬುದ್ಧಿಯನ್ನು ಮೀಸಲಿಡುವುದೇ ವಿವೇಕ.