ವಾರ್ಡಿನಿಂದ ಐಟಿಗೆ ಹೊರಳುವ ದಾರಿ

ವಾರ್ಡಿನಲ್ಲಿ ದುಡಿದ ನರ್ಸ್‌ಗೆ ಐಟಿಯತ್ತ ಹತ್ತಿರದ ದಾರಿ ಮೆಡಿಕಲ್ ಕೋಡಿಂಗ್: ಕೇಸ್‌ಶೀಟ್ ಓದಿ ಪ್ರತಿ ಕಾಯಿಲೆಗೂ ಐಸಿಡಿ-10 ಸಂಕೇತ ಕೊಡುವುದು, ಟೈಪ್ 2 ಮಧುಮೇಹಕ್ಕೆ ಇ11. ಬೆಂಗಳೂರಿನ ಇಂಥ ಕಂಪನಿಗಳಲ್ಲಿ ಹೆಚ್ಚಿನವು ಅಮೆರಿಕದ ವಿಮಾ ಬಿಲ್ ನೋಡುವುದರಿಂದ ಸಿಪಿಸಿ (ಸರ್ಟಿಫೈಡ್ ಪ್ರೊಫೆಷನಲ್ ಕೋಡರ್) ಪ್ರಮಾಣಪತ್ರ ಉಪಯುಕ್ತ. ಕೆಲಸ ಮಾತ್ರ ಏಕತಾನದ್ದು.

ವಾರ್ಡಿನ ಅನುಭವಕ್ಕೆ ನಿಜವಾದ ಬೆಲೆ ಸಿಗುವುದು ಆಸ್ಪತ್ರೆ ತಂತ್ರಾಂಶ ಅಳವಡಿಸುವ ತಂಡದಲ್ಲಿ. ಔಷಧ ಚೀಟಿ ವೈದ್ಯರಿಂದ ಫಾರ್ಮಸಿಗೆ ಹೇಗೆ ಹೋಗುತ್ತದೆಂಬುದು ಎಂಜಿನಿಯರ್‌ಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ನರ್ಸ್‌ಗೆ ಗೊತ್ತಿರುತ್ತದೆ. ಈ ತಂಡ ಸೇರಲು ಮೊದಲಿಗೆ ಎಕ್ಸೆಲ್ ಮತ್ತು ದತ್ತಸಂಚಯದಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಕಲಿಯಬೇಕು. 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರೋಗ್ಯ ದಾಖಲೆಗಳ ವಿನಿಮಯಕ್ಕೆ ಬಳಸುವ ಎಫ್‌ಎಚ್‌ಐಆರ್ ಮಾನದಂಡವನ್ನು ಆಮೇಲೆ ಕಲಿಯಬಹುದು.

ಕೆಲಸ ಬಿಡುವ ಮುನ್ನ ಈಗಿನ ಆಸ್ಪತ್ರೆಯಲ್ಲೇ ವೈದ್ಯಕೀಯ ದಾಖಲೆ ವಿಭಾಗಕ್ಕೆ ವರ್ಗ ಕೇಳುವುದು ಲೇಸು. ನೌಕರಿ ಖಾತ್ರಿ ಎನ್ನುವ ಕೋರ್ಸಿಗೆ ಶುಲ್ಕ ಕಟ್ಟಬಾರದು. ಸೇವಾ ಬಾಂಡ್ ಇದ್ದರೆ ರಾಜೀನಾಮೆಗೆ ಮೊದಲು ವಕೀಲರಿಗೆ ತೋರಿಸಬೇಕು.