ದೀರ್ಘಾಯುಷ್ಯದ ಹಂಬಲ ಮತ್ತು ರಾಜಕೀಯ ಸಿದ್ಧಾಂತ

ದೀರ್ಘಾಯುಷ್ಯವನ್ನು ಬಯಸದವರಿಲ್ಲ. ಆದರೆ ಅದರ ಯಾವ ಮಾರ್ಗವನ್ನು ಸಮಾಜವು ಒಪ್ಪುವುದೆಂಬುದನ್ನು ವೈದ್ಯಶಾಸ್ತ್ರದೊಡನೆ ಆ ನಾಡಿನ ರಾಜಕೀಯ ಸಿದ್ಧಾಂತವೂ ನಿರ್ಧರಿಸುತ್ತದೆ.

ಸೋವಿಯತ್ ರಷ್ಯಾದ ವೈದ್ಯ ಹಾಗೂ ಕ್ರಾಂತಿಕಾರಿ ಚಿಂತಕ ಅಲೆಕ್ಸಾಂಡರ್ ಬೊಗ್ದಾನೊವ್ 1926ರಲ್ಲಿ ಮಾಸ್ಕೋದಲ್ಲಿ ರಕ್ತ ವರ್ಗಾವಣೆಯ ಸಂಸ್ಥೆಯನ್ನು ಸ್ಥಾಪಿಸಿದರು. ವೃದ್ಧರೂ ಯುವಕರೂ ರಕ್ತವನ್ನು ವಿನಿಮಯ ಮಾಡಿಕೊಂಡರೆ ಆಯುಸ್ಸು ವೃದ್ಧಿಸುವುದೆಂದು ಅವರು ನಂಬಿದ್ದರು. ಸಂಪತ್ತಿನಂತೆ ರಕ್ತವನ್ನೂ ಹಂಚಿಕೊಳ್ಳಬೇಕೆಂಬುದು ಅವರ ಸಮತಾವಾದವಾಗಿತ್ತು. 1928ರಲ್ಲಿ ರೋಗಿಯಾದ ವಿದ್ಯಾರ್ಥಿಯೊಬ್ಬನೊಡನೆ ರಕ್ತ ಬದಲಿಸಿಕೊಂಡ ಬಳಿಕ ಅವರೇ ಮೃತರಾದರು, ವಿದ್ಯಾರ್ಥಿಯು ಬದುಕಿದನು.

ದೇಹವು ವ್ಯಕ್ತಿಯ ಸ್ವಂತ ಸ್ವತ್ತೆಂಬ ಭಾವನೆ ಪ್ರಬಲವಾಗಿರುವ ಅಮೆರಿಕದಲ್ಲಿ, 1967ರಲ್ಲಿ ಜೇಮ್ಸ್ ಬೆಡ್‌ಫೋರ್ಡ್ ಅವರ ಶವವನ್ನು ಮುಂದೆಂದಾದರೂ ಜೀವ ಮರಳೀತೆಂಬ ಆಸೆಯಿಂದ ಅತಿಶೈತ್ಯದಲ್ಲಿ ಇರಿಸಲಾಯಿತು. ಅಂತ್ಯಕ್ರಿಯೆಯನ್ನು ಸಾರ್ವಜನಿಕ ವಿಷಯವೆಂದು ಕಾಣುವ ಫ್ರಾನ್ಸಿನಲ್ಲಿ, ಹೂಳುವುದು ಮತ್ತು ಸುಡುವುದು ಇವೆರಡಕ್ಕೇ ಕಾನೂನಿನಲ್ಲಿ ಅವಕಾಶವೆಂದು ಅಲ್ಲಿನ ಅತ್ಯುಚ್ಚ ಆಡಳಿತ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು. ಹೀಗೆ ಶೈತ್ಯದಲ್ಲಿರಿಸಿದವರಲ್ಲಿ ಈವರೆಗೆ ಒಬ್ಬರೂ ಎದ್ದು ಬಂದಿಲ್ಲ.

ಈ ಪಾಠವು ನಮಗೂ ಅನ್ವಯಿಸುತ್ತದೆ. 'ನಮ್ಮ ನಾಡಿನ ಔಷಧಿ' ಎಂಬ ಅಭಿಮಾನವೊಂದೇ ಆಯುರ್ವೇದದ ಯಾವ ಔಷಧಿಗೂ ಪ್ರಮಾಣವಾಗಲಾರದು. ಗುಣವನ್ನು ಪರೀಕ್ಷಿಸಿಯೇ ಸ್ವೀಕರಿಸಬೇಕು. ಚರಕಸಂಹಿತೆಯು ಸತ್ಯ, ಅಕ್ರೋಧ, ಮದ್ಯವರ್ಜನೆಗಳನ್ನೂ ರಸಾಯನವೆಂದೇ ಪರಿಗಣಿಸಿದೆ. ಸದ್ಭಕ್ತರು ಅದರಿಂದಲೇ ಆರಂಭಿಸಲಿ. ದೊರೆತ ಆಯುಸ್ಸನ್ನು ಕಾಯಕ, ದಾಸೋಹಗಳಿಗೆ ಸವೆಸುವುದೇ ಅದರ ಸಾರ್ಥಕ್ಯವೆಂದು ನಾವು ಭಾವಿಸುತ್ತೇವೆ.